ಸರ್ಫ್ಯಾಕ್ಟಂಟ್ ಯಾವಾಗ ಕೆಲಸ ಮಾಡುತ್ತದೆ? ದಿನ ತುಂಬದ ಶಿಶುಗಳ ಉಸಿರಾಟದ ಚಿಕಿತ್ಸೆಯಲ್ಲಿ ಪುರಾವೆಯ ಏರಿಳಿತ

ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಪ್ರಯೋಗವೊಂದರ ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ತೀವ್ರ ಉಸಿರಾಟದ ತೊಂದರೆಯಿಂದ ವೆಂಟಿಲೇಟರ್ ಸೇರಿದ್ದ ದಿನ ತುಂಬದ ಶಿಶುಗಳ ಶ್ವಾಸನಾಳಕ್ಕೆ ಹಂದಿಯ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನು, ಅಂದರೆ ಶ್ವಾಸಕೋಶ ಮುಚ್ಚಿಕೊಳ್ಳದಂತೆ ಕಾಯುವ ಪದಾರ್ಥವನ್ನು, ಹನಿಸಿ ನೋಡಿದ್ದರು. ಔಷಧ ಸಿಗದ ಗುಂಪಿನಲ್ಲಿ 28 ದಿನಗಳೊಳಗೆ ನೂರಕ್ಕೆ 51 ಶಿಶುಗಳು ತೀರಿಕೊಂಡಿದ್ದವು. ಸಿಕ್ಕ ಗುಂಪಿನಲ್ಲಿ 31. ನವಜಾತ ಶಿಶುಗಳ ವೈದ್ಯಕೀಯದಲ್ಲಿ ಇಷ್ಟು ದೊಡ್ಡ ಅಂತರವನ್ನು ತೋರಿಸಿದ ಔಷಧಗಳು ಬಹಳ ಇಲ್ಲ. ಹಾಗಾಗಿ ಮುಂದಿನ ವರ್ಷಗಳಲ್ಲಿ ಉತ್ಸಾಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರೋಗ ಕಾಣಿಸುವ ತನಕ ಕಾಯುವುದೇಕೆ, ತೀರಾ ಬೇಗ ಹುಟ್ಟಿದ ಮಗುವಿಗೆ ಹೆರಿಗೆ ಕೋಣೆಯಲ್ಲೇ ಕೊಳವೆ ಹಾಕಿ ಸರ್ಫ್ಯಾಕ್ಟಂಟ್ ಕೊಟ್ಟುಬಿಡೋಣ ಎಂಬ ನಿಲುವು ಬಲಗೊಂಡಿತು. 1990ರ ದಶಕದ ಪ್ರಯೋಗಗಳು ಅದನ್ನು ಸಮರ್ಥಿಸಿದವು ಕೂಡ. ಆದರೆ ಪ್ರಯೋಗಗಳ ಪುರಾವೆಯನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಹೊಸ ಪ್ರಯೋಗಗಳನ್ನು ಸೇರಿಸಿಕೊಂಡು ಲೆಕ್ಕ ಹಾಕಿದಾಗ ತಕ್ಕಡಿ ಇನ್ನೊಂದು ಬದಿಗೆ ವಾಲಿತ್ತು. ಎಲ್ಲರಿಗೂ ಮುಂಚಿತವಾಗಿ ಕೊಟ್ಟ ಶಿಶುಗಳಲ್ಲಿ ಸಾವು ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ತುಸು ಹೆಚ್ಚೇ ಇತ್ತು.

ಔಷಧ ಬದಲಾಗಿರಲಿಲ್ಲ, ಅದರ ರಾಸಾಯನಿಕ ಗುಣವೂ ಬದಲಾಗಿರಲಿಲ್ಲ. ಯಾವ ಆರೈಕೆಯ ಎದುರಿಗೆ ಅದನ್ನು ಇಟ್ಟು ಅಳೆದರೋ ಆ ಆರೈಕೆ ಬದಲಾಗಿತ್ತು. ಸರ್ಫ್ಯಾಕ್ಟಂಟಿನ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಅಣುವಿನ ವಿಜಯಗಾಥೆಯಾಗಿ ಬರೆಯುತ್ತಾರೆ. ಸಂಶೋಧನಾ ಪ್ರಬಂಧಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಓದಿದರೆ ಕಾಣುವುದು ಬೇರೆ: ಈ ಚಿಕಿತ್ಸೆಯ ಫಲ ಅದರ ಸುತ್ತಲಿನ ಆರೈಕೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ತಿರುಗಿಬೀಳುತ್ತದೆ. ಬಾಸ್ಟನ್ನಿನಲ್ಲಿ ಅಥವಾ ಸ್ಟಾಕ್‌ಹೋಮಿನಲ್ಲಿ ದೊರೆತ ಅಂಕಿಯನ್ನು ರಾಯಚೂರಿಗೋ ಚಾಮರಾಜನಗರಕ್ಕೋ ಹಾಗೆಯೇ ತಂದು ನೆಡಬಹುದೇ ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಗುಳ್ಳೆಗಳ ಭೌತಶಾಸ್ತ್ರ

ಶ್ವಾಸಕೋಶದ ಪುಟ್ಟ ಗಾಳಿಗೂಡಿನ ಒಳಮೈಯಲ್ಲಿ ತೆಳ್ಳಗಿನ ನೀರಿನ ಪದರವಿದೆ. ನೀರಿನ ಅಣುಗಳು ಒಂದನ್ನೊಂದು ಎಳೆದುಕೊಳ್ಳುವುದರಿಂದ ಆ ಪದರ ಸದಾ ಕುಗ್ಗಲು ನೋಡುತ್ತದೆ. ಗುಂಡಗಿನ ಮೇಲ್ಮೈಯೊಳಗೆ ಇದರಿಂದ ಹುಟ್ಟುವ ಒತ್ತಡ ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು ಎಂದು ಲಾಪ್ಲಾಸನ ಸೂತ್ರ ಹೇಳುತ್ತದೆ. ಗೂಡು ಕಿರಿದಾದಷ್ಟೂ ಒಳಗೆ ಎಳೆಯುವ ಒತ್ತಡ ಹೆಚ್ಚು. ಉಸಿರು ಹೊರಬಿಟ್ಟಾಗ ಗೂಡುಗಳು ಕಿರಿದಾಗುತ್ತವೆ, ಕಿರಿದಾದವು ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಹಾಗಾದರೆ ಶ್ವಾಸಕೋಶ ತೆರೆದಿರುವುದಾದರೂ ಹೇಗೆ?

ಸ್ವಿಟ್ಜರ್ಲೆಂಡಿನ ಕುರ್ಟ್ ಫಾನ್ ನೀರ್ಗಾರ್ಡ್ 1929ರಲ್ಲಿ ಈ ಪ್ರಶ್ನೆಯ ಅರ್ಧವನ್ನು ಬಿಡಿಸಿದ. ಶ್ವಾಸಕೋಶವನ್ನು ಗಾಳಿಯಿಂದ ಉಬ್ಬಿಸಲು ಬೇಕಾದ ಒತ್ತಡಕ್ಕಿಂತ ದ್ರವ ತುಂಬಿ ಉಬ್ಬಿಸಲು ಬೇಕಾದ ಒತ್ತಡ ತುಂಬಾ ಕಡಿಮೆ ಎಂದು ಅಳೆದು ತೋರಿಸಿದ. ಗಾಳಿ ಮತ್ತು ದ್ರವ ಸಂಧಿಸುವ ಮೇಲ್ಮೈಯನ್ನು ತೆಗೆದುಹಾಕಿದರೆ ಹೊರೆಯ ದೊಡ್ಡ ಪಾಲೇ ಇಳಿಯುತ್ತದೆ ಎಂದಾಯಿತು. ಹುಟ್ಟಿದ ಮಗುವಿನ ಮೊದಲ ಉಸಿರಿಗೂ ಇದಕ್ಕೂ ಸಂಬಂಧವಿರಬಹುದೆಂದು ಅವನಿಗೆ ಹೊಳೆದಿತ್ತು. ಆ ಪ್ರಬಂಧವನ್ನು ಯಾರೂ ಗಮನಿಸಲಿಲ್ಲ. ಸುಮಾರು ಕಾಲು ಶತಮಾನ ಅದು ಗ್ರಂಥಾಲಯದಲ್ಲೇ ಉಳಿಯಿತು.

ಮುಂದಿನ ಹೆಜ್ಜೆ ಇಟ್ಟವರು ಮಕ್ಕಳ ವೈದ್ಯರಲ್ಲ. ಇಂಗ್ಲೆಂಡಿನ ಪೋರ್ಟನ್ ಡೌನ್ ರಾಸಾಯನಿಕ ಯುದ್ಧದ ಸಂಶೋಧನಾ ಕೇಂದ್ರ. ಫಾಸ್ಜೀನ್‌ನಂಥ ವಿಷಾನಿಲ ಸೇವಿಸಿದವರ ಶ್ವಾಸಕೋಶದಲ್ಲಿ ನೊರೆ ತುಂಬಿಕೊಳ್ಳುತ್ತದೆ. ಆ ನೊರೆಯನ್ನು ಒಡೆಯುವ ಬಗೆ ಹುಡುಕುತ್ತಿದ್ದ ರಿಚರ್ಡ್ ಪ್ಯಾಟ್ಲ್, ಶ್ವಾಸಕೋಶದ ನೊರೆಯ ಗುಳ್ಳೆಗಳು ಒಡೆಯದೆ ಬಹುಹೊತ್ತು ನಿಲ್ಲುವುದನ್ನು ಕಂಡು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ. ಗುಳ್ಳೆ ಅಷ್ಟು ಹೊತ್ತು ನಿಲ್ಲಬೇಕಾದರೆ ಅದರ ಮೇಲ್ಮೈ ಎಳೆತ ಶೂನ್ಯದ ಹತ್ತಿರ ಇರಲೇಬೇಕು ಎಂಬುದು ಅವನ ತರ್ಕ. ಅದೇ ಹೊತ್ತಿಗೆ ಅಮೆರಿಕದ ಮೇರಿಲ್ಯಾಂಡಿನಲ್ಲಿ, ಸೇನೆಯದೇ ಆದ ಎಡ್ಜ್‌ವುಡ್ ಪ್ರಯೋಗಾಲಯದಲ್ಲಿ ಜಾನ್ ಕ್ಲೆಮೆಂಟ್ಸ್ ಶ್ವಾಸಕೋಶದ ಸಾರವನ್ನು ತೊಟ್ಟಿಯಲ್ಲಿ ಹರಡಿ, ಅದರ ಮೇಲ್ಮೈಯನ್ನು ಕುಗ್ಗಿಸುತ್ತ ಎಳೆತವನ್ನು ಅಳೆದ. ಮೇಲ್ಮೈ ಕುಗ್ಗಿದಂತೆ ಎಳೆತವೂ ಇಳಿಯುತ್ತಿತ್ತು. ಬರಿಯ ನೀರು ಎಷ್ಟೇ ಕುಗ್ಗಿದರೂ ಸೆಂಟಿಮೀಟರಿಗೆ 70 ಡೈನಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಶ್ವಾಸಕೋಶದ ಸಾರ 10ಕ್ಕಿಂತ ಕೆಳಗೆ ಹೋಗುತ್ತಿತ್ತು. ಗೂಡು ಕಿರಿದಾದಾಗಲೇ ಎಳೆತ ಕಡಿಮೆಯಾಗುವುದರಿಂದ ಲಾಪ್ಲಾಸನ ಸೂತ್ರದ ಬಲೆಯಿಂದ ಶ್ವಾಸಕೋಶ ಪಾರಾಗುತ್ತದೆ. ಎಳೆತವನ್ನು ಇಳಿಸುವ ಈ ಪದಾರ್ಥವೇ ಸರ್ಫ್ಯಾಕ್ಟಂಟ್. ಕ್ಲೆಮೆಂಟ್ಸನ ಈ ಪ್ರಬಂಧವನ್ನು ‘ಸೈನ್ಸ್’ ಪತ್ರಿಕೆ ಮರಳಿಸಿತು. 1957ರಲ್ಲಿ ಅದು ಅಷ್ಟೇನೂ ದೊಡ್ಡದಲ್ಲದ ಬೇರೆ ಪತ್ರಿಕೆಯಲ್ಲಿ ಬೆಳಕು ಕಂಡಿತು. ಕೊಲ್ಲುವ ಅನಿಲಗಳ ಸುತ್ತ ಕಟ್ಟಿದ ಎರಡು ಪ್ರಯೋಗಾಲಯಗಳಿಂದ ಶಿಶುಗಳ ಉಸಿರಿನ ಶಾಸ್ತ್ರ ಹೊರಟಿತು ಎಂಬುದನ್ನು ಪಠ್ಯಪುಸ್ತಕಗಳು ಏಕೋ ಹೇಳುವುದಿಲ್ಲ.

ಆಸ್ಪತ್ರೆಗಳಲ್ಲಿ ಆಗ ದಿನ ತುಂಬದ ಶಿಶುಗಳ ಉಸಿರಾಟದ ರೋಗಕ್ಕೆ ಇದ್ದ ಹೆಸರು ಹಯಲಿನ್ ಪೊರೆಯ ಕಾಯಿಲೆ. ಸತ್ತ ಶಿಶುವಿನ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನಂಥ ನಸುಗೆಂಪು ಪೊರೆ ಕಾಣುತ್ತಿತ್ತು. ಎಲ್ಲರೂ ಆ ಪೊರೆಯ ಬೆನ್ನು ಹತ್ತಿದ್ದರು. ಗರ್ಭದ ನೀರು ಒಳಹೋಯಿತೇ, ಹಾಲು ಸೇರಿತೇ ಎಂದು ವಾದಿಸುತ್ತಿದ್ದರು. ಬಾಸ್ಟನ್ನಿನಲ್ಲಿ ಮೇರಿ ಎಲೆನ್ ಏವರಿ ಗಮನಿಸಿದ್ದು ಕಾಣುವುದನ್ನಲ್ಲ, ಕಾಣದಿದ್ದುದನ್ನು. ಬೇರೆ ಕಾರಣದಿಂದ ಸತ್ತ ಶಿಶುಗಳ ಶ್ವಾಸನಾಳದಲ್ಲಿ ನೊರೆಯಿರುತ್ತಿತ್ತು. ಈ ಕಾಯಿಲೆಯಿಂದ ಸತ್ತವುಗಳಲ್ಲಿ ನೊರೆಯೇ ಇರಲಿಲ್ಲ. ಆಕೆ ಎಡ್ಜ್‌ವುಡ್ಡಿಗೆ ಹೋಗಿ ಎಳೆತ ಅಳೆಯುವ ಕ್ಲೆಮೆಂಟ್ಸನ ತಕ್ಕಡಿಯನ್ನು ನೋಡಿಬಂದು, ಅಂಥದ್ದನ್ನೇ ಕಟ್ಟಿಕೊಂಡು, ಜೆರ್ ಮೀಡ್ ಜೊತೆ 1959ರಲ್ಲಿ ಪ್ರಕಟಿಸಿದ ಪ್ರಬಂಧ ಇಡೀ ಕ್ಷೇತ್ರದ ದಿಕ್ಕು ತಿರುಗಿಸಿತು. ಕಾರಣ ಸರ್ಫ್ಯಾಕ್ಟಂಟಿನ ಕೊರತೆ. ಪೊರೆ ಕಾರಣವಲ್ಲ, ಪರಿಣಾಮ. ಗೂಡುಗಳು ಮುಚ್ಚಿ ತೆರೆದು ಒಳಪದರ ಕಿತ್ತುಬಂದಾಗ ರಕ್ತರಸದ ಪ್ರೋಟೀನು ಸೋರಿ ಹೆಪ್ಪಾದದ್ದು. ಆ ಸೋರಿದ ಪ್ರೋಟೀನು ಇರುವಷ್ಟು ಸರ್ಫ್ಯಾಕ್ಟಂಟನ್ನೂ ನಿಷ್ಕ್ರಿಯಗೊಳಿಸುತ್ತದೆ, ರೋಗ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಗಾಳಿಗೂಡಿನ ಎರಡನೆಯ ಬಗೆಯ ಕೋಶಗಳು ಸರ್ಫ್ಯಾಕ್ಟಂಟನ್ನು ತಯಾರಿಸಿ ಪದರಪದರವಾದ ಪೊಟ್ಟಣಗಳಲ್ಲಿ ಕೂಡಿಡಲು ತೊಡಗುವುದು ಗರ್ಭದ 24ನೇ ವಾರದ ಆಸುಪಾಸಿನಲ್ಲಿ. ಸಾಕಷ್ಟು ದಾಸ್ತಾನಾಗುವುದು 34-35 ವಾರಗಳ ಹೊತ್ತಿಗೆ. ದಿನ ತುಂಬಿದ ಶಿಶುವಿನಲ್ಲಿ ತೂಕದ ಪ್ರತಿ ಕಿಲೋಗೆ 100 ಮಿಲಿಗ್ರಾಮಿನಷ್ಟಿರುವ ಈ ದಾಸ್ತಾನು ರೋಗಪೀಡಿತ ಅವಧಿಪೂರ್ವ ಶಿಶುವಿನಲ್ಲಿ 10ಕ್ಕೂ ಕೆಳಗಿರುತ್ತದೆ. ಇಂದು ಕೊಡುವ ಪ್ರಮಾಣ ಕಿಲೋಗೆ 100ರಿಂದ 200 ಮಿಲಿಗ್ರಾಂ ಏಕೆಂಬುದು ಇಲ್ಲಿಂದ ತಿಳಿಯುತ್ತದೆ. ಕೊಟ್ಟದ್ದನ್ನು ಶಿಶುವಿನ ಕೋಶಗಳು ಮತ್ತೆ ಒಳಗೆ ಸೇರಿಸಿಕೊಂಡು ಮರುಬಳಸುತ್ತವೆ. ಆದ್ದರಿಂದಲೇ ಒಂದೆರಡು ಬಾರಿ ಕೊಟ್ಟರೆ ಸಾಕಾಗುವುದು.

ಸೋತ ಹದಿನೈದು ವರ್ಷ

ಕಾರಣ ತಿಳಿದ ಮೇಲೆ ಚಿಕಿತ್ಸೆ ಸುಲಭವೆನ್ನಿಸಿತು. 1961ರಲ್ಲಿ ಮಾರ್ಷಲ್ ಕ್ಲಾಸ್, ಕ್ಲೆಮೆಂಟ್ಸ್ ಮತ್ತು ರಿಚರ್ಡ್ ಹಾವೆಲ್ ಸರ್ಫ್ಯಾಕ್ಟಂಟಿನ ಮುಖ್ಯ ಅಂಶ ಡೈಪಾಮಿಟಾಯಿಲ್ ಫಾಸ್ಫಟಿಡೈಲ್‌ಕೋಲಿನ್ ಎಂಬ ಕೊಬ್ಬಿನ ಅಣುವೆಂದು ಗುರುತಿಸಿದರು. ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಬಹುದಿತ್ತು. ಸೂಕ್ಷ್ಮ ಹನಿಗಳಾಗಿ ಸಿಂಪಡಿಸಿ ಮಗುವಿಗೆ ಉಸಿರಾಡಿಸಿದರಾಯಿತು ಎಂದುಕೊಂಡರು.

1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ 2.1 ಕಿಲೋ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಅಧಿಕ ಒತ್ತಡದ ಆಮ್ಲಜನಕದ ಕೋಣೆಯಲ್ಲಿಟ್ಟು ನೋಡಿದರು. 39 ಗಂಟೆಗಳ ನಂತರ ಮಗು ತೀರಿಕೊಂಡಿತು. ಸರ್ಫ್ಯಾಕ್ಟಂಟಿನ ಕೊರತೆಯ ಕುರಿತ ಏವರಿಯ ಪ್ರಬಂಧ ಬಂದು ಆಗ ನಾಲ್ಕು ವರ್ಷವಾಗಿತ್ತು, ಅದೂ ಅದೇ ಊರಿನಿಂದ. ನವಜಾತ ಶಿಶುಗಳ ಇಂದಿನ ತೀವ್ರ ನಿಗಾ ಘಟಕದಲ್ಲಿ ಆ ತೂಕದ, ಆ ವಾರದ ಮಗುವನ್ನು ಸದಾ ತುಸು ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮೇಲಿಡುತ್ತಾರೆ, ಹಲವರಿಗೆ ಸರ್ಫ್ಯಾಕ್ಟಂಟೂ ಬೇಕಾಗುವುದಿಲ್ಲ. ಕೆನಡಿ ಕುಟುಂಬದ ಸಾವಿನಿಂದ ಸಂಶೋಧನೆಗೆ ಹಣ ಹರಿಯಿತೆಂದು ಎಲ್ಲರೂ ಬರೆಯುತ್ತಾರೆ. ಹಣ ಹರಿದರೂ ಚಿಕಿತ್ಸೆ ಬರಲು ಹದಿನೇಳು ವರ್ಷ ಹಿಡಿಯಿತು ಎಂಬುದನ್ನು ಅಷ್ಟು ಒತ್ತಿ ಹೇಳುವುದಿಲ್ಲ.

ಸಿಂಪಡಿಸುವ ಪ್ರಯೋಗಗಳು ಮಾಂಟ್ರಿಯಲ್‌ನಲ್ಲಿ, ಸಿಂಗಪುರದಲ್ಲಿ ನಡೆದವು. ಫಲ ಕಾಣಲಿಲ್ಲ. ಸಿಂಗಪುರದ ತಂಡ 1967ರಲ್ಲಿ ಬರೆದ ವರದಿಯಂತೂ ಅನುಮಾನವನ್ನು ಬುಡಕ್ಕೇ ಒಯ್ದಿತು: ಮೂಲ ತೊಂದರೆ ಸರ್ಫ್ಯಾಕ್ಟಂಟಿನದಲ್ಲ, ಶ್ವಾಸಕೋಶಕ್ಕೆ ರಕ್ತದ ಹರಿವು ಕಡಿಮೆಯಾಗಿರುವುದು. ಆ ವರದಿಯ ಲೇಖಕರ ಸಾಲಿನಲ್ಲಿ ಸ್ವತಃ ಕ್ಲೆಮೆಂಟ್ಸನ ಹೆಸರಿದೆ. ತಾನು ಕಂಡುಹಿಡಿದುದರ ಮಹತ್ವವನ್ನು ತಾನೇ ಪ್ರಶ್ನಿಸುವ ಪ್ರಬಂಧಕ್ಕೆ ಸಹಿ ಹಾಕಿದ್ದನ್ನು ನಾನು ದೌರ್ಬಲ್ಯವೆಂದು ಓದುವುದಿಲ್ಲ. ಕೈಯಲ್ಲಿದ್ದ ಪುರಾವೆ ಅಂದು ಹೇಳುತ್ತಿದ್ದುದು ಅದನ್ನೇ. ಆದರೆ ಪುರಾವೆ ಹೇಳುತ್ತಿದ್ದುದು ಯಾವುದರ ಬಗ್ಗೆ ಎಂಬುದು ಬೇರೆಯೇ ಪ್ರಶ್ನೆ. ಸೋತದ್ದು ಸರ್ಫ್ಯಾಕ್ಟಂಟ್ ಅಲ್ಲ, ಅದರ ಒಂದು ಅಂಶವನ್ನು ಒಂದು ವಿಧಾನದಲ್ಲಿ ಕೊಟ್ಟದ್ದು.

ಎರಡು ಕೊರತೆಗಳಿದ್ದವು. ಡೈಪಾಮಿಟಾಯಿಲ್ ಅಣು ಶುದ್ಧ ರೂಪದಲ್ಲಿ ಮೃದುವಾಗುವುದು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೇಹದ 37 ಡಿಗ್ರಿಯಲ್ಲಿ ಅದು ಗಟ್ಟಿ. ಚಳಿಗಾಲದ ಬೆಳಗ್ಗೆ ಹೆಪ್ಪುಗಟ್ಟಿದ ತುಪ್ಪವನ್ನು ಅನ್ನದ ಮೇಲೆ ಹಾಕಿದರೆ ಉಂಡೆಯಾಗಿ ಕೂರುವಂತೆ, ಅದು ಗೂಡಿನ ಮೇಲ್ಮೈ ತಲುಪಿದರೂ ಹರಡಿಕೊಳ್ಳದು. ಸ್ವಾಭಾವಿಕ ಸರ್ಫ್ಯಾಕ್ಟಂಟಿನಲ್ಲಿ ಹರಡಿಸುವ ಕೆಲಸಕ್ಕೆ ಬೇರೆ ಕೊಬ್ಬುಗಳಿವೆ, ಬಿ ಮತ್ತು ಸಿ ಎಂದು ಹೆಸರಿಟ್ಟ ಎರಡು ಪುಟ್ಟ ಪ್ರೋಟೀನುಗಳಿವೆ. ಬಿ ಪ್ರೋಟೀನು ಎಷ್ಟು ಮುಖ್ಯವೆಂಬುದು 1993ರಲ್ಲಿ ಸ್ಪಷ್ಟವಾಯಿತು. ಆ ಪ್ರೋಟೀನನ್ನು ತಯಾರಿಸಲಾಗದ ಆನುವಂಶಿಕ ದೋಷವಿರುವ ಶಿಶುಗಳು ದಿನ ತುಂಬಿ ಹುಟ್ಟಿದರೂ ಉಸಿರಾಡಲಾರದೆ ಸಾಯುತ್ತವೆಂದು ಲಾರೆನ್ಸ್ ನೋಗೀ ಮತ್ತು ಸಂಗಡಿಗರು ತೋರಿಸಿದರು. ಎರಡನೆಯ ಕೊರತೆ ತಲುಪಿಸುವ ದಾರಿಯದು. ಮುಚ್ಚಿದ ಗೂಡಿಗೆ ಗಾಳಿಯೇ ಹೋಗದಿರುವಾಗ ಗಾಳಿಯಲ್ಲಿ ತೇಲುವ ಹನಿ ಹೋಗುವುದೆಲ್ಲಿಂದ?

ಸ್ಟಾಕ್‌ಹೋಮಿನ ಗೋರಾನ್ ಎನ್‌ಹೋರ್ನಿಂಗ್ ಹೆರಿಗೆ ವೈದ್ಯ, ಬೆಂಗ್ಟ್ ರಾಬರ್ಟ್‌ಸನ್ ರೋಗಶಾಸ್ತ್ರಜ್ಞ. ಸಿಂಪಡಿಸುವುದನ್ನು ಬಿಟ್ಟು, ಬೆಳೆದ ಮೊಲದ ಶ್ವಾಸಕೋಶದಿಂದ ತೆಗೆದ ಸ್ವಾಭಾವಿಕ ಸರ್ಫ್ಯಾಕ್ಟಂಟನ್ನು ಅವರು ಅವಧಿಪೂರ್ವ ಮೊಲದ ಮರಿಗಳ ಶ್ವಾಸನಾಳಕ್ಕೆ ದ್ರವವಾಗಿಯೇ ಹಾಕಿದರು. 1972ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಮರಿಗಳ ಶ್ವಾಸಕೋಶ ತೆರೆದುಕೊಂಡಿತು. ಮನುಷ್ಯ ಶಿಶುಗಳ ಮೇಲೆ ಮೊದಲ ಯಶಸ್ಸು ಜಪಾನಿನ ಅಕಿಟಾದಲ್ಲಿ. ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದ ಸಾರಕ್ಕೆ ಬೇಕಾದ ಕೊಬ್ಬುಗಳನ್ನು ಬೆರೆಸಿ, ತೀವ್ರ ಕಾಯಿಲೆಯಿದ್ದ ಹತ್ತು ಶಿಶುಗಳಿಗೆ ಕೊಳವೆಯ ಮೂಲಕ ಕೊಟ್ಟ. 1980ರ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಆ ವರದಿಗೆ ಹೋಲಿಕೆಯ ಗುಂಪು ಇರಲಿಲ್ಲ. ಇಂದಿನ ಸಂಪಾದಕರು ಅದನ್ನು ದುರ್ಬಲ ಪುರಾವೆಯೆಂದು ಬದಿಗಿಡುತ್ತಿದ್ದರೇನೋ. ಕೆಲವೇ ಗಂಟೆಗಳಲ್ಲಿ ಎಕ್ಸ್‌ರೇಯ ಬಿಳುಪು ಕರಗಿ ಕಪ್ಪಾದುದನ್ನು ಕಂಡವರಿಗೆ ಮಾತ್ರ ಅನುಮಾನ ಉಳಿಯಲಿಲ್ಲ.

ಆಮೇಲಿನದು ವೇಗದ ಕಥೆ. ರಾಬರ್ಟ್‌ಸನ್ ಮತ್ತು ತೋರೆ ಕುರ್ಸ್ಟೆಟ್ ಹಂದಿಯ ಶ್ವಾಸಕೋಶದಿಂದ ತಯಾರಿಸಿದ ಔಷಧಕ್ಕೆ ಇಬ್ಬರ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಕ್ಯೂರೋಸರ್ಫ್ ಎಂದು ಹೆಸರಾಯಿತು. ಕ್ಲೆಮೆಂಟ್ಸ್ ರೂಪಿಸಿದ, ಪ್ರೋಟೀನಿಲ್ಲದ ಎಕ್ಸೋಸರ್ಫ್‌ಗೆ ಅಮೆರಿಕದಲ್ಲಿ 1990ರಲ್ಲಿ ಅನುಮತಿ ದೊರೆಯಿತು, ಹಸುವಿನ ಮೂಲದ ಸರ್ವಾಂಟಾಗೆ 1991ರಲ್ಲಿ. ಪ್ರಾಣಿಮೂಲದವು ಬೇಗ ಕೆಲಸ ಮಾಡುತ್ತವೆಂದು ತಿಳಿಯುತ್ತಿದ್ದಂತೆ ಎಕ್ಸೋಸರ್ಫ್ ಹಿಂದೆ ಸರಿಯಿತು.

ಎದುರಿನ ತಟ್ಟೆ

ಸರ್ಫ್ಯಾಕ್ಟಂಟ್ ಬರುವ ಮೊದಲೇ ಇನ್ನೆರಡು ಚಿಕಿತ್ಸೆಗಳು ಹುಟ್ಟಿದ್ದವು. ಎರಡೂ ಅಗ್ಗದವು, ಎರಡೂ ಬಹುಕಾಲ ಕಡೆಗಣನೆಗೆ ಒಳಗಾದವು.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಗ್ರಹಾಂ ಲಿಗಿನ್ಸ್ ಕುರಿಗಳಲ್ಲಿ ಹೆರಿಗೆ ಹೇಗೆ ಶುರುವಾಗುತ್ತದೆಂದು ಹುಡುಕುತ್ತಿದ್ದ. ಸ್ಟೆರಾಯ್ಡ್ ಕೊಟ್ಟ ಮೇಲೆ ಬದುಕಲಾರದಷ್ಟು ಬೇಗ ಹುಟ್ಟಿದ ಮರಿಯೊಂದು ಉಸಿರಾಡುತ್ತಿತ್ತು, ಅದರ ಶ್ವಾಸಕೋಶ ಭಾಗಶಃ ತೆರೆದುಕೊಂಡಿತ್ತು. ಇದನ್ನು ಹಿಡಿದು ರಾಸ್ ಹೌವೀ ಜೊತೆ 282 ತಾಯಂದಿರ ಮೇಲೆ ನಡೆಸಿದ ಪ್ರಯೋಗ 1972ರಲ್ಲಿ ಪ್ರಕಟವಾಯಿತು. ಹೆರಿಗೆಗೆ ಮೊದಲು ತಾಯಿಗೆ ಬೀಟಾಮೆಥಸೋನ್ ಕೊಟ್ಟಾಗ ಶಿಶುಗಳಲ್ಲಿ ಉಸಿರಾಟದ ಕಾಯಿಲೆ ಶೇ. 25.8ರಿಂದ 9ಕ್ಕೆ ಇಳಿದಿತ್ತು. ಇದು ಎಲ್ಲೆಡೆ ಬಳಕೆಗೆ ಬರಲು 1994ರ ಅಮೆರಿಕದ ಸಮ್ಮತಿ ಸಮ್ಮೇಳನದ ತನಕ ಕಾಯಬೇಕಾಯಿತು. ಕಾಕ್ರೇನ್ ಸಂಸ್ಥೆಯ ಲಾಂಛನದಲ್ಲಿರುವ ಅಡ್ಡಗೆರೆಗಳು ಈ ಸ್ಟೆರಾಯ್ಡ್ ಪ್ರಯೋಗಗಳದೇ. ಪುರಾವೆ ಕೈಯಲ್ಲಿದ್ದೂ ಬಳಸದೆ ಹೋದದ್ದರ ನೆನಪಿಗೆ ಅದನ್ನು ಆರಿಸಿಕೊಂಡರು.

ಇನ್ನೊಂದು ಸಿಪ್ಯಾಪ್. ಈ ಕಾಯಿಲೆಯ ಮಗು ಉಸಿರು ಬಿಡುವಾಗ ನರಳುತ್ತದೆ. ಅದು ನೋವಿನ ದನಿಯಲ್ಲ. ಗಂಟಲ ಬಾಗಿಲನ್ನು ಅರೆ ಮುಚ್ಚಿ ಶ್ವಾಸಕೋಶದೊಳಗೆ ಒತ್ತಡ ಉಳಿಸಿಕೊಳ್ಳುವ ಉಪಾಯ. ನರಳುವುದನ್ನು ಕೊಳವೆ ಹಾಕಿ ತಡೆದರೆ ರಕ್ತದ ಆಮ್ಲಜನಕ ಇಳಿಯುತ್ತದೆಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನವರು 1968ರಲ್ಲಿ ತೋರಿಸಿದರು. ಮಗು ಮಾಡುತ್ತಿರುವುದನ್ನೇ ಯಂತ್ರದಿಂದ ಮಾಡಿದರೆ? ಸ್ಯಾನ್‌ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಸದಾ ತುಸು ಒತ್ತಡದ ಗಾಳಿಯನ್ನು ಕೊಟ್ಟು, ತೀವ್ರ ಕಾಯಿಲೆಯ 20 ಶಿಶುಗಳಲ್ಲಿ 16ನ್ನು ಉಳಿಸಿದ್ದು 1971ರಲ್ಲಿ ವರದಿಯಾಯಿತು. ಇದರ ಬಬಲ್ ರೂಪದಲ್ಲಿ, ಗಾಳಿ ಹೊರಬರುವ ಕೊಳವೆಯ ತುದಿಯನ್ನು ನೀರಿನಲ್ಲಿ ಐದಾರು ಸೆಂಟಿಮೀಟರ್ ಮುಳುಗಿಸಿಟ್ಟರೆ ಅಷ್ಟೇ ಒತ್ತಡ ಒಳಗೂ ನಿಲ್ಲುತ್ತದೆ.

ಇನ್ನು 1988ರ ಪ್ರಯೋಗಕ್ಕೆ ಮರಳಿ ನೋಡಬೇಕು. ಅಂದು ಸೋತ ತಟ್ಟೆಯಲ್ಲಿದ್ದುದು ಏನು? ಗರ್ಭದಲ್ಲಿ ಸ್ಟೆರಾಯ್ಡ್ ಸಿಗದ ಎಷ್ಟೋ ಶಿಶುಗಳು, ಅಂದಿನ ಒರಟು ವೆಂಟಿಲೇಟರುಗಳು. ಅದರ ಎದುರಿಗೆ ಸರ್ಫ್ಯಾಕ್ಟಂಟ್ ಗೆದ್ದಿತು, ಗೆಲ್ಲಬೇಕಾದದ್ದೇ. ಮುಂಚಿತವಾಗಿ ಕೊಟ್ಟದ್ದು ತಡವಾಗಿ ಕೊಟ್ಟದ್ದಕ್ಕಿಂತ ಮೇಲೆಂದು ತೋರಿಸಿದ ಪ್ರಯೋಗಗಳಲ್ಲೂ ಎರಡೂ ಗುಂಪುಗಳ ಶಿಶುಗಳು ಬಹುಪಾಲು ವೆಂಟಿಲೇಟರ್ ಮೇಲೇ ಇದ್ದವು. ಕೊಳವೆ ಹೇಗೂ ಹಾಕುವುದೇ ಆದರೆ ಬೇಗ ಹಾಕಿ ಬೇಗ ಕೊಡುವುದು ಒಳ್ಳೆಯದು. ಕೊಳವೆಯೇ ಬೇಡದ ಮಗುವಿಗೆ ಔಷಧಕ್ಕಾಗಿ ಕೊಳವೆ ಹಾಕಿದರೆ ಏನಾಗುತ್ತದೆಂದು ಆ ಪ್ರಯೋಗಗಳು ಕೇಳಿರಲೇ ಇಲ್ಲ.

ಕೇಳಿದ್ದು 2008ರ ಕಾಯಿನ್ ಮತ್ತು 2010ರ ಸಪೋರ್ಟ್ ಪ್ರಯೋಗಗಳು. ಆಸ್ಟ್ರೇಲಿಯದ ಕಾಲಿನ್ ಮಾರ್ಲಿಯ ತಂಡ 25ರಿಂದ 28 ವಾರಗಳ 610 ಶಿಶುಗಳಲ್ಲಿ ಅರ್ಧಕ್ಕೆ ಹುಟ್ಟಿದೊಡನೆ ಸಿಪ್ಯಾಪ್, ಉಳಿದರ್ಧಕ್ಕೆ ಕೊಳವೆ ಮತ್ತು ವೆಂಟಿಲೇಟರ್ ಎಂದು ಹಂಚಿತು. ಸಾವು ಅಥವಾ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಸಿಪ್ಯಾಪ್ ಗುಂಪಿನಲ್ಲಿ ಶೇ. 33.9, ವೆಂಟಿಲೇಟರ್ ಗುಂಪಿನಲ್ಲಿ 38.9, ಸಂಖ್ಯಾಶಾಸ್ತ್ರದ ಪ್ರಕಾರ ವ್ಯತ್ಯಾಸವಿಲ್ಲ. ಆದರೆ ಸಿಪ್ಯಾಪ್ ಗುಂಪಿನಲ್ಲಿ ಶ್ವಾಸಕೋಶ ಒಡೆದು ಗಾಳಿ ಎದೆಗೂಡಿಗೆ ಸೋರಿದ್ದು ಶೇ. 9, ಇನ್ನೊಂದರಲ್ಲಿ 3. ಅಮೆರಿಕದ ಸಪೋರ್ಟ್ ಪ್ರಯೋಗ 1,316 ಶಿಶುಗಳ ಮೇಲೆ ಸಿಪ್ಯಾಪನ್ನು ನೇರವಾಗಿ ಮುಂಚಿತ ಸರ್ಫ್ಯಾಕ್ಟಂಟಿನ ಎದುರಿಗಿಟ್ಟಿತು: ಶೇ. 47.8 ಮತ್ತು 51. ಇಲ್ಲೂ ಸೋಲು ಗೆಲುವು ತೀರ್ಮಾನವಾಗಲಿಲ್ಲ. ಆ ಹೊತ್ತಿಗೆ ಶ್ರೀಮಂತ ದೇಶಗಳಲ್ಲಿ ಬಹುತೇಕ ತಾಯಂದಿರಿಗೆ ಸ್ಟೆರಾಯ್ಡ್ ಸಿಗುತ್ತಿದ್ದುದರಿಂದ, ಸಾಕಷ್ಟು ಶಿಶುಗಳು ತಮ್ಮದೇ ಸರ್ಫ್ಯಾಕ್ಟಂಟಿನ ಸಣ್ಣ ಬಂಡವಾಳದೊಂದಿಗೆ ಹುಟ್ಟುತ್ತಿದ್ದವು. 2012ರ ಕಾಕ್ರೇನ್ ತೀರ್ಪಿನ ಹಿಂದೆ ಇರುವುದು ಈ ಹೊಸ ತಟ್ಟೆ.

ಅಲ್ಲಿಂದ ಮುಂದೆ ಪ್ರಶ್ನೆ ಬದಲಾಯಿತು: ಸಿಪ್ಯಾಪ್ ಬಿಡದೆ ಸರ್ಫ್ಯಾಕ್ಟಂಟ್ ಕೊಡುವುದು ಹೇಗೆ? ಡೆನ್ಮಾರ್ಕಿನ ಹೆನ್ರಿಕ್ ವೆರ್ಡರ್ ಕೊಳವೆ ಹಾಕಿ, ಔಷಧ ಕೊಟ್ಟು, ತಕ್ಷಣ ಕೊಳವೆ ತೆಗೆದು ಸಿಪ್ಯಾಪ್‌ಗೆ ಮರಳುವ ಇನ್‌ಶೂರ್ ವಿಧಾನವನ್ನು ಪರೀಕ್ಷಿಸಿ, ವೆಂಟಿಲೇಟರ್ ಬೇಕಾಗುವ ಪ್ರಮಾಣ ಶೇ. 85ರಿಂದ 43ಕ್ಕೆ ಇಳಿಯಿತೆಂದು 1994ರಲ್ಲಿ ತೋರಿಸಿದ್ದ. ಜರ್ಮನಿಯ ಕಲೋನ್‌ನಲ್ಲಿ ಆಂಜೆಲಾ ಕ್ರಿಬ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋಗಿ, ಸಿಪ್ಯಾಪ್ ಮೇಲೆ ಮಗು ತಾನೇ ಉಸಿರಾಡುತ್ತಿರುವಾಗಲೇ ತೆಳ್ಳಗಿನ ನಳಿಗೆಯಿಂದ ಹನಿಸುವ ವಿಧಾನವನ್ನು ರೂಢಿಗೆ ತಂದರು. ವೈದ್ಯರ ಮಾತಿನಲ್ಲಿ ಅದು ಲೀಸಾ. ಮಗುವಿನ ಉಸಿರೇ ಔಷಧವನ್ನು ಒಳಗೆ ಎಳೆದುಕೊಳ್ಳುತ್ತದೆ. 2021ರ ಆಪ್ಟಿಮಿಸ್ಟ್ ಪ್ರಯೋಗ 485 ಶಿಶುಗಳಲ್ಲಿ ತೆಳುನಳಿಗೆಯ ಸರ್ಫ್ಯಾಕ್ಟಂಟನ್ನು ಬರಿಯ ಸಿಪ್ಯಾಪ್‌ನೊಂದಿಗೆ ಹೋಲಿಸಿತು. ಸಾವು ಅಥವಾ ದೀರ್ಘಕಾಲದ ಕಾಯಿಲೆ ಶೇ. 43.6 ಮತ್ತು 49.6, ಮುಖ್ಯ ಫಲಿತಾಂಶದಲ್ಲಿ ಖಚಿತ ವ್ಯತ್ಯಾಸ ಸಿಗಲಿಲ್ಲ. ಗಾಳಿ ಸೋರುವುದು ಮಾತ್ರ ಅರ್ಧಕ್ಕೂ ಕೆಳಗಿಳಿಯಿತು. 1988ರಲ್ಲಿ ಸಾವಿನಲ್ಲೇ ನೂರಕ್ಕೆ ಇಪ್ಪತ್ತರ ಅಂತರ ತೋರಿಸಿದ ಔಷಧ, 2021ರಲ್ಲಿ ಸಾವು-ಕಾಯಿಲೆ ಎರಡನ್ನೂ ಸೇರಿಸಿದ ಅಳತೆಯಲ್ಲಿ ಆರರ ಅಂತರವನ್ನೂ ಖಚಿತವಾಗಿ ಸಾಧಿಸಲಾಗದೆ ನಿಂತಿತು. ಇದು ಔಷಧದ ಸೋಲಲ್ಲ, ಎದುರಿನ ತಟ್ಟೆಗೆ ಬಿದ್ದ ತೂಕ.

ಯುರೋಪಿನ 2022ರ ಮಾರ್ಗಸೂಚಿ ಇವನ್ನೆಲ್ಲ ಕೂಡಿಸಿ, ಕನಿಷ್ಠ ಆರು ಸೆಂಟಿಮೀಟರ್ ನೀರಿನ ಒತ್ತಡದ ಸಿಪ್ಯಾಪ್ ಮೇಲಿದ್ದೂ ಶೇ. 30ಕ್ಕಿಂತ ಹೆಚ್ಚು ಆಮ್ಲಜನಕ ಬೇಕಾದ, ಕಾಯಿಲೆ ಬಲಿಯುತ್ತಿರುವ ಮಗುವಿಗೆ ಸರ್ಫ್ಯಾಕ್ಟಂಟ್ ಕೊಡಿ, ಸಾಧ್ಯವಾದರೆ ಲೀಸಾ ವಿಧಾನದಲ್ಲಿ ಎನ್ನುತ್ತದೆ.

ಬೆಳಗಾವಿಯ ಎರಡು ಉತ್ತರ

ಜಗತ್ತಿನಲ್ಲಿ 2020ರಲ್ಲಿ ಸುಮಾರು 1.34 ಕೋಟಿ ಶಿಶುಗಳು ದಿನ ತುಂಬುವ ಮೊದಲೇ ಹುಟ್ಟಿದವು; ಅದರಲ್ಲಿ 30 ಲಕ್ಷಕ್ಕೂ ಹೆಚ್ಚು ಭಾರತದಲ್ಲಿ. ಹೀಗಾಗಿ ಸುತ್ತಲಿನ ಆರೈಕೆ ಫಲವನ್ನು ನಿರ್ಧರಿಸುತ್ತದೆಂಬ ವಾದವನ್ನು ಒರೆಗೆ ಹಚ್ಚಬೇಕಾದ ಜಾಗ ನಮ್ಮದೇ. ಸರ್ಫ್ಯಾಕ್ಟಂಟಿಗೆ ಅಂಥ ದೊಡ್ಡ ಪರೀಕ್ಷೆ ಇಲ್ಲಿ ನಡೆದಿಲ್ಲ. ಅದರ ಜೋಡಿ ಚಿಕಿತ್ಸೆಯಾದ ಸ್ಟೆರಾಯ್ಡ್‌ಗೆ ನಡೆದಿದೆ, ಎರಡು ಬಾರಿ. ಎರಡರಲ್ಲೂ ಬೆಳಗಾವಿ ಇದೆ.

ಮೊದಲನೆಯದು ಆಕ್ಟ್ ಪ್ರಯೋಗ. ಬೆಳಗಾವಿ ಮತ್ತು ನಾಗಪುರ ಸೇರಿ ಆರು ದೇಶಗಳ ಹಳ್ಳಿಪಟ್ಟಣಗಳಲ್ಲಿ ಸುಮಾರು ಒಂದು ಲಕ್ಷ ಹೆರಿಗೆಗಳನ್ನು ಅದು ಗಣಿಸಿತು. ಅವಧಿಪೂರ್ವ ಹೆರಿಗೆಯ ಸೂಚನೆಯಿರುವ ತಾಯಿಗೆ ಕೆಳಹಂತದ ಆರೋಗ್ಯ ಕಾರ್ಯಕರ್ತರಿಂದಲೇ ಡೆಕ್ಸಾಮೆಥಸೋನ್ ಕೊಡಿಸುವ ಯೋಜನೆ. ತೀರಾ ಕಡಿಮೆ ತೂಕದ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟು ಶಿಶುಗಳಲ್ಲಿ ನವಜಾತ ಮರಣ ಸಾವಿರಕ್ಕೆ 23.9ರಿಂದ 27.4ಕ್ಕೆ ಏರಿತು, ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಗರ್ಭದ ವಾರಗಳ ಲೆಕ್ಕ ಖಚಿತವಿಲ್ಲದ ಕಡೆ, ಸ್ಟೆರಾಯ್ಡ್ ಪಡೆದ ಬಹುಪಾಲು ತಾಯಂದಿರ ಮಕ್ಕಳು ಅಷ್ಟು ಕಡಿಮೆ ತೂಕದವೇ ಆಗಿರಲಿಲ್ಲ. ಬೇಗ ಹುಟ್ಟಿದವಕ್ಕೆ ಮುಂದಿನ ಆರೈಕೆ ಕಾದಿರಲಿಲ್ಲ. ಈ ಫಲಿತಾಂಶ ಹೊರಬಿದ್ದದ್ದು 2014ರ ಅಕ್ಟೋಬರಿನಲ್ಲಿ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಾದ ಎಎನ್‌ಎಂಗಳು ತಾಯಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಒಂದು ಡೋಸ್ ಕೊಡಬಹುದೆಂಬ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದಿದ್ದು ಅದೇ ವರ್ಷದ ಜೂನಿನಲ್ಲಿ!

ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆಯ ಆಕ್ಷನ್ ಪ್ರಯೋಗ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದರಲ್ಲೂ ಭಾಗಿಗಳು. ಔಷಧ ಅದೇ ಡೆಕ್ಸಾಮೆಥಸೋನ್. ಆದರೆ 2,852 ತಾಯಂದಿರೂ ಆಸ್ಪತ್ರೆಯಲ್ಲಿದ್ದವರು, ವಾರಗಳನ್ನು ಸ್ಕ್ಯಾನಿಂಗಿನಿಂದ ಲೆಕ್ಕ ಹಾಕಿಸಿಕೊಂಡವರು, ಹುಟ್ಟುವ ಮಗುವಿಗೆ ಆರೈಕೆ ದೊರೆಯುವ ಕಡೆ ದಾಖಲಾದವರು. ನವಜಾತ ಮರಣ ಶೇ. 23.5ರಿಂದ 19.6ಕ್ಕೆ ಇಳಿಯಿತು. ಲಾಭ ಸ್ಪಷ್ಟವಾದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2020ರ ಈ ಅಂಕಿಗಳನ್ನು ಆಕ್ಟ್‌ನ ಅಂಕಿಗಳ ಪಕ್ಕದಲ್ಲಿಟ್ಟು ಓದುವವರು ಕಡಿಮೆ. ಒಂದನ್ನು ಹಿಡಿದು ಇನ್ನೊಂದನ್ನು ಮರೆಯುವವರೇ ಹೆಚ್ಚು. ಎರಡೂ ನಿಜ. ಒಂದೇ ಔಷಧ, ಪ್ರಯೋಗಗಳ ಪಟ್ಟಿಯಲ್ಲಿ ಒಂದೇ ಊರು, ವಿರುದ್ಧ ಉತ್ತರಗಳು.

ಸರ್ಫ್ಯಾಕ್ಟಂಟಿಗೂ ಇದೇ ಅಪಾಯವಿದೆ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ (ಎಸ್‌ಎನ್‌ಸಿಯು) ಹಲವು ಸಾವಿರ ರೂಪಾಯಿಯ ವಯಲ್ ಬಂದು ಫ್ರಿಜ್ಜಿನಲ್ಲಿ ಕೂತ ಮಾತ್ರಕ್ಕೆ ಯುರೋಪಿನ ಫಲ ಬರುವುದಿಲ್ಲ. ತಾಲ್ಲೂಕಿನಿಂದ ಆಂಬುಲೆನ್ಸಿನಲ್ಲಿ ಮೈ ತಣ್ಣಗಾಗಿ ಬಂದ ಮಗುವಿಗೆ ಹನ್ನೆರಡನೆಯ ಗಂಟೆಯಲ್ಲಿ ಕೊಟ್ಟದ್ದು, ಪ್ರಸೂತಿ ಕೋಣೆಯಲ್ಲೇ ಸಿಪ್ಯಾಪ್ ಕಂಡ ಮಗುವಿಗೆ ಎರಡನೆಯ ಗಂಟೆಯಲ್ಲಿ ಕೊಟ್ಟದ್ದಕ್ಕೆ ಸಮವಲ್ಲ. ಅಷ್ಟರಲ್ಲಿ ರಕ್ತರಸದ ಪ್ರೋಟೀನು ಗೂಡು ತುಂಬಿರುತ್ತದೆ. ಕೊಟ್ಟ ಮೇಲಿನ ಅರ್ಧ ಗಂಟೆ ಇನ್ನೂ ನಾಜೂಕಿನದು. ಶ್ವಾಸಕೋಶ ಒಮ್ಮೆಲೇ ತೆರೆದುಕೊಳ್ಳುವುದರಿಂದ ಆಮ್ಲಜನಕವನ್ನು ನಿಮಿಷ ನಿಮಿಷಕ್ಕೆ ಇಳಿಸುತ್ತ ಬರಬೇಕು. ಗಾಳಿ ಮತ್ತು ಆಮ್ಲಜನಕವನ್ನು ಬೆರೆಸುವ ಬ್ಲೆಂಡರ್ ಇಲ್ಲದೆ, ಪಕ್ಕದಲ್ಲಿ ನಿಂತು ನೋಡುವ ನರ್ಸ್ ಇಲ್ಲದೆ, ಹೆಚ್ಚಿನ ಆಮ್ಲಜನಕ ಹಾಗೆಯೇ ಮುಂದುವರಿದರೆ ಕಣ್ಣಿನ ಅಕ್ಷಿಪಟಲ ಅದರ ಬೆಲೆ ತೆರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಕಿಡ್ರಾಪ್ ಯೋಜನೆಯ ತಂತ್ರಜ್ಞರು ರಾಜ್ಯದ ಜಿಲ್ಲಾ ಕೇಂದ್ರಗಳಿಗೆ ಕ್ಯಾಮೆರಾ ಹೊತ್ತು ಹೋಗಿ ಶಿಶುಗಳ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುತ್ತಿರುವುದು ಈ ಬೆಲೆಯನ್ನು ತಗ್ಗಿಸಲೆಂದೇ. ಶ್ರೀಮಂತ ದೇಶಗಳಲ್ಲಿ ತೀರಾ ಚಿಕ್ಕ ಶಿಶುಗಳಿಗೆ ಸೀಮಿತವಾದ ಈ ಕಣ್ಣಿನ ತೊಂದರೆ ನಮ್ಮಲ್ಲಿ ದೊಡ್ಡ ತೂಕದ ಶಿಶುಗಳಲ್ಲೂ ಕಾಣುತ್ತದೆ. ಸರ್ಫ್ಯಾಕ್ಟಂಟಿನ ಲೆಕ್ಕವನ್ನು ಉಸಿರಿನಿಂದ ಮಾತ್ರ ಹಾಕಿದರೆ ಈ ಕಾಲಂ ಖಾಲಿ ಉಳಿಯುತ್ತದೆ.

ಬೆಲೆಯ ಪ್ರಶ್ನೆಗೆ ಭಾರತದಲ್ಲಿ ಹುಡುಕಿದ ಒಂದು ಉತ್ತರ ಆಡಿನ ಶ್ವಾಸಕೋಶ. ದೆಹಲಿಯ ಏಮ್ಸ್ ಮತ್ತು ಇತರ ಕೇಂದ್ರಗಳು ಸೇರಿ ಆಡಿನ ಸರ್ಫ್ಯಾಕ್ಟಂಟನ್ನು ಬಳಕೆಯಲ್ಲಿರುವ ಹಸುವಿನ ಮೂಲದ್ದರೊಂದಿಗೆ ಹೋಲಿಸಿ ಪ್ರಯೋಗ ನಡೆಸಿವೆ. ಕಚ್ಚಾವಸ್ತು ಇಲ್ಲಿ ಹೇರಳ. ಧಾರ್ಮಿಕ ಸಂಕೋಚವೂ ಕಡಿಮೆ. ಹಂದಿ ಅಥವಾ ಹಸುವಿನ ಮೂಲದ ಔಷಧ ಎಂದು ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳಬೇಕೆಂಬುದು ನನ್ನ ನಿಲುವು. ಮಗು ಉಳಿಯಲೆಂದು ಬಹುಪಾಲು ತಂದೆತಾಯಿಗಳು ಒಪ್ಪಿಯೇ ಒಪ್ಪುತ್ತಾರೆ, ಆದರೂ ಕೇಳುವುದು ಕೇಳಬೇಕು. ಆಡಿನದಾದರೂ ಹಂದಿಯದಾದರೂ, ಎರಡು ಸರ್ಫ್ಯಾಕ್ಟಂಟುಗಳ ನಡುವಿನ ಹೋಲಿಕೆಯಿಂದ ನಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಸಿಗದು.

ಆ ಪ್ರಶ್ನೆಗೆ ಬೇಕಾದ ಪ್ರಯೋಗವನ್ನು ಹೀಗೆ ಕಲ್ಪಿಸಬಹುದು. ಬಬಲ್ ಸಿಪ್ಯಾಪ್ ಈಗಾಗಲೇ ಚೆನ್ನಾಗಿ ನಡೆಯುತ್ತಿರುವ ಜಿಲ್ಲಾ ಎಸ್‌ಎನ್‌ಸಿಯುಗಳನ್ನು ಆರಿಸಿ, ಅರ್ಧದಲ್ಲಿ ಲೀಸಾ ಕಲಿತ ವೈದ್ಯರಿಂದ ಅಲ್ಲೇ ಸರ್ಫ್ಯಾಕ್ಟಂಟ್. ಉಳಿದರ್ಧದಲ್ಲಿ ಸಿಪ್ಯಾಪ್ ಮೇಲೇ ಇಟ್ಟು, ಆಮ್ಲಜನಕದ ಅಗತ್ಯ ಶೇ. 30ರ ಗೆರೆ ದಾಟಿದರೆ ವೈದ್ಯಕೀಯ ಕಾಲೇಜಿಗೆ ವರ್ಗಾವಣೆ. ಹಂಚಿಕೆ ಶಿಶುವಿಗಲ್ಲ, ಘಟಕಕ್ಕೆ. ಅಳೆಯಬೇಕಾದದ್ದು 28 ದಿನಗಳ ಮರಣ, ದಾರಿಯಲ್ಲಿ ಆದ ಸಾವು, ಗಾಳಿ ಸೋರಿಕೆ, ಅಕ್ಷಿಪಟಲಕ್ಕೆ ಲೇಸರ್ ಬೇಕಾದವರ ಸಂಖ್ಯೆ. ಪ್ರತಿ ಶಿಶುವಿನ ದಾಖಲೆಯಲ್ಲೂ ಮೂರು ಅಂಕಿಗಳು ಕಡ್ಡಾಯವಾಗಿರಬೇಕು: ತಾಯಿಗೆ ಸಿಕ್ಕ ಸ್ಟೆರಾಯ್ಡ್ ಡೋಸ್‌ಗಳೆಷ್ಟು, ಸರ್ಫ್ಯಾಕ್ಟಂಟ್ ಕೊಡುವ ಕ್ಷಣಕ್ಕೆ ಮಗುವಿಗೆ ಎಷ್ಟು ಗಂಟೆ, ಆಗ ಆಮ್ಲಜನಕ ಶೇಕಡ ಎಷ್ಟು. ಇವಿಲ್ಲದೆ ಬರುವ ಮರಣದ ಅಂಕಿ ಇಳಿದರೂ ಏರಿದರೂ, ಅದು ಔಷಧದಿಂದ ಬಂದದ್ದೋ ಎದುರಿನ ತಟ್ಟೆಯಿಂದ ಬಂದದ್ದೋ ಬಿಡಿಸಲಾಗುವುದಿಲ್ಲ.